ದೊರೆ ಬಿದ್ದರೆ ದಂಡೆಲ್ಲ ಬಿತ್ತು

ಕಣಜದ ತುಂಬ ರೊಟ್ಟಿ, ಬೊಕ್ಕಸದ ತುಂಬ ಹೊನ್ನು, ಬತೇರಿಗಳ ಮೇಲೆ ಸಾಲುಸಾಲು ಬಿಲ್ಲುಗಾರರು. ಇಷ್ಟೆಲ್ಲ ಇದ್ದೂ ಕಣ್ಣು ಮಿಟುಕಿಸುವಷ್ಟರಲ್ಲಿ ಸೋಲಬಹುದಾದ ಕಂಪ್ಯೂಟರ್ ಆಟ ‘ಸ್ಟ್ರಾಂಗ್‌ಹೋಲ್ಡ್ ಕ್ರುಸೇಡರ್’. ಕೋಟೆಯ ನಡುವೆ ಒಂದು ಭಾರೀ ಕಲ್ಲುಕಟ್ಟಡ ಇರುತ್ತದೆ, ಆಟಗಾರರ ಬಾಯಲ್ಲಿ ಅದು ‘ಕೀಪ್’. ಅದರ ಮಾಳಿಗೆ ಮೇಲೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನೇ ಲಾರ್ಡ್, ಈ ಕೋಟೆಯ ದೊರೆ. ಅವನು ಸತ್ತರೆ ಆಟ ಮುಗಿಯಿತು. ಯುವರಾಜ ಇಲ್ಲ, ದಳವಾಯಿ ಇಲ್ಲ, ಇನ್ನೊಂದು ಜೀವ ಇಲ್ಲ. ಗೋಡೆಗೆ ಒಂದು ಗೀರೂ ಬಿದ್ದಿರದಿದ್ದರೂ ಅಷ್ಟೇ.

ಬ್ರಿಟನ್ನಿನ ಫೈರ್‌ಫ್ಲೈ ಸ್ಟುಡಿಯೋಸ್ 2001ರಲ್ಲಿ ಮೊದಲ ‘ಸ್ಟ್ರಾಂಗ್‌ಹೋಲ್ಡ್’ ತಂದಿತು. ಮರು ವರ್ಷ ಬಂದ ‘ಕ್ರುಸೇಡರ್’ ಅದೇ ಕೋಟೆಗಳನ್ನು ಯುರೋಪಿನ ಹಸಿರು ನೆಲದಿಂದ ಎತ್ತಿ ಅರಬ್ ಮರಳುಗಾಡಿಗೆ ತಂದಿಟ್ಟಿತು. ಜನ ಬಿಡಲೊಲ್ಲರು ಎಂದು ಗೊತ್ತಾಗಿ, ಎರಡಕ್ಕೂ ಹೊಸ ಬಣ್ಣ ಬಳಿದು 2023 ಮತ್ತು 2025ರಲ್ಲಿ ‘ಡೆಫಿನಿಟಿವ್ ಎಡಿಷನ್’ ಬಿಟ್ಟರು. ಇದಕ್ಕಿಂತ ಚೆಂದ ಕಾಣುವ, ಇದಕ್ಕಿಂತ ದೊಡ್ಡ ಯುದ್ಧದ ಆಟಗಳು ಈ ನಡುವೆ ಎಷ್ಟೋ ಬಂದು ಹೋಗಿವೆ. ಇದು ಉಳಿದುಕೊಂಡದ್ದಕ್ಕೆ ಒಂದು ಮುಖ್ಯ ಕಾರಣ ಮಾಳಿಗೆ ಮೇಲಿನ ಆ ಮನುಷ್ಯ ಎಂಬುದು ನನ್ನ ಅಂದಾಜು. ಕೋಟೆ ಕಟ್ಟುವ ಆಟಗಳು ಬೇಕಾದಷ್ಟಿವೆ. ಕೋಟೆ ಯಾರಿಗಾಗಿ ಎಂಬುದನ್ನು ಇಷ್ಟು ನಿಷ್ಠುರವಾಗಿ ಕೇಳುವ ಆಟ ಕಡಿಮೆ.

ರಾಜ ಹೋದರೆ ಆಟ ಹೋಯಿತು ಎಂಬ ನಿಯಮ ನಮಗೇನೂ ಹೊಸದಲ್ಲ. ಚದುರಂಗ ಆಡಿದವರಿಗೆಲ್ಲ ಗೊತ್ತು. ಆದರೆ ಚದುರಂಗದ ರಾಜನನ್ನು ಯಾರೂ ಕೊಲ್ಲುವುದಿಲ್ಲ, ಕಟ್ಟಿಹಾಕುತ್ತಾರೆ ಅಷ್ಟೇ. 1999ರ ‘ಏಜ್ ಆಫ್ ಎಂಪೈರ್ಸ್’ ಎರಡನೇ ಭಾಗದಲ್ಲಿ ‘ರೆಜಿಸೈಡ್’ ಎಂಬ ಬಗೆ ಇದೆ. ಅಲ್ಲಿನ ರಾಜನ ಕೈಯಲ್ಲಿ ಆಯುಧವೇ ಇಲ್ಲ. ಕಾಲು ಮಾತ್ರ ಚುರುಕು, ಅಪಾಯ ಕಂಡರೆ ಓಡಬೇಕು ಇಲ್ಲವೇ ಕೋಟೆಯೊಳಗೆ ಹೊಕ್ಕು ಕೂರಬೇಕು. ಅವನನ್ನು ಕಾಯುವುದು ಸರಳ, ಏಕೆಂದರೆ ಅವನಿಂದ ಬೇರೇನೂ ಉಪಯೋಗವಿಲ್ಲ. ‘ಸ್ಟ್ರಾಂಗ್‌ಹೋಲ್ಡ್’ನ ಲಾರ್ಡ್ ಹಾಗಲ್ಲ. ಅವನು ಕತ್ತಿ ಹಿಡಿದವನು, ಒಳ್ಳೆಯ ಏಟುಗಾರ. ಮೌಸಿನಿಂದ ಕ್ಲಿಕ್ ಮಾಡಿ ಎಲ್ಲಿಗೆ ಕಳಿಸಿದರೂ ಹೋಗುತ್ತಾನೆ, ಈಟಿಯ ನಾಲ್ಕಾರು ಆಳುಗಳನ್ನು ಒಬ್ಬನೇ ಕತ್ತರಿಸಿ ಹಾಕುತ್ತಾನೆ. ತೊಂದರೆ ಇರುವುದೇ ಅಲ್ಲಿ. ಕೈಲಾಗದ ರಾಜನನ್ನು ಬಚ್ಚಿಡಬಹುದು. ಕೈಲಾಗುವವನನ್ನು ಸುಮ್ಮನೆ ಕೂರಿಸುವುದು ಕಷ್ಟ.

ಹೊಸಬರು ದೊರೆಯನ್ನು ಕಾಯುವ ರೀತಿ ಸಾಮಾನ್ಯವಾಗಿ ಒಂದೇ: ಗೋಡೆ, ಇನ್ನಷ್ಟು ಗೋಡೆ. ನನ್ನ ಅಕ್ಕನ ಮಗ ಹೀಗೇ ಆಡುತ್ತಿದ್ದ. ಸಿಕ್ಕ ಕಲ್ಲನ್ನೆಲ್ಲ ಸುರಿದು ಕೀಪಿನ ಸುತ್ತ ನಾಲ್ಕು ಪದರ ಕಟ್ಟಿದ. ಕಣಜದಲ್ಲಿ ರೊಟ್ಟಿ ಇರಲಿಲ್ಲ, ಬಿಲ್ಲು ಮಾಡುವ ಅಂಗಡಿ ಇರಲಿಲ್ಲ. ಎದುರಾಳಿಯ ಕವಣೆಯಂತ್ರಗಳು ದೂರದಲ್ಲಿ ನಿಂತು ಕಲ್ಲು ಎಸೆದವು, ಎಸೆಯುತ್ತಲೇ ಇದ್ದವು. ಕೇಳುವವರೇ ಇಲ್ಲ. ಕೊನೆಗೆ ಒಂದು ಕಡೆ ಗೋಡೆ ಜರಿಯಿತು, ಗದೆ ಹಿಡಿದವರು ನುಗ್ಗಿದರು, ಮೆಟ್ಟಿಲು ಹತ್ತಿದರು, ದೊರೆ ಬಿದ್ದ. ‘ಅಷ್ಟು ದಪ್ಪ ಗೋಡೆ ಕಟ್ಟಿದ್ದೆನಲ್ಲ ಮಾಮ, ಹೆಂಗ್ ಬಂದ್ರು?’ ಅಂದ. ‘ಬರಬೇಡಿ ಅನ್ನೋಕೆ ಗೋಡೆ ಮೇಲೆ ಯಾರಿದ್ರೋ?’ ಅಂದೆ.

ಯಾವ ಗೋಡೆಯೂ ಶತ್ರುವನ್ನು ನಿಲ್ಲಿಸುವುದಿಲ್ಲ, ತಡಮಾಡಿಸುತ್ತದೆ. ತಡವಾದ ಆ ಹೊತ್ತಿನಲ್ಲಿ ಅವನ ಮೇಲೆ ಬಾಣ ಬೀಳುತ್ತಿದ್ದರೆ ಅದು ಕೋಟೆ, ಇಲ್ಲದಿದ್ದರೆ ಬರೀ ಕಲ್ಲುರಾಶಿ. ಲಾರ್ಡ್‌ನನ್ನು ಉಳಿಸುವ ಯುಕ್ತಿಯೆಲ್ಲ ಇದರೊಳಗೇ ಬಂತು. ಕಂದಕ ಇದ್ದರೆ ಎದುರಾಳಿ ಮೊದಲು ಅದನ್ನು ಮುಚ್ಚಬೇಕು. ಏಣಿ ಹೊತ್ತವರು, ಗೋಡೆಯ ಬುಡಕ್ಕೆ ಸುರಂಗ ತೋಡುವವರು ಇಬ್ಬರಿಗೂ ಅದು ಅಡ್ಡಿ. ಕಂದಕ ಮುಚ್ಚುವ ಆಳಿಗೆ ಬಗ್ಗಿ ಮಣ್ಣು ಹಾಕುವುದರಲ್ಲೇ ಗಮನ, ಬಾಣಕ್ಕೆ ಅವನಿಗಿಂತ ಸುಲಭದ ಗುರಿ ಇಲ್ಲ. ಗೋಡೆಯಾಚೆ ಡಾಂಬರಿನ ಗುಂಡಿ ತೋಡಿಟ್ಟರೆ, ಒಲೆಯ ಪಕ್ಕ ನಿಂತ ಬಿಲ್ಲುಗಾರ ಒಂದು ಬೆಂಕಿಬಾಣ ಬಿಟ್ಟರೆ ಸಾಕು, ಒಂದು ಗುಂಪು ಅಲ್ಲೇ ಸುಟ್ಟುಹೋಗುತ್ತದೆ. ಒಳಗೆ ಇನ್ನೊಂದು ಸುತ್ತು ಗೋಡೆ. ಅದರ ಬಾಗಿಲು ಹೊರಬಾಗಿಲಿಗೆ ನೇರವಾಗಿರಬಾರದು, ಶತ್ರು ಗೋಡೆಯ ಪಕ್ಕದಲ್ಲೇ ಅರ್ಧ ಸುತ್ತು ಹಾಕಿ ಬರುವಂತಿರಬೇಕು.

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಬಾಗಿಲು ದಾಟಿದ ಮೇಲೆ ಇನ್ನೊಂದು ಎಲ್ಲಿದೆ ಎಂದು ಹೊರಳಿ ಹೊರಳಿ ಹುಡುಕಬೇಕು, ಹುಡುಕುವಷ್ಟು ಹೊತ್ತೂ ತಲೆಯ ಮೇಲೆ ಬಂಡೆ, ಬಂಡೆಯ ಮೇಲೆ ಬತೇರಿ. ಸಿರಿಯಾದಲ್ಲಿ, ಯುರೋಪಿನಿಂದ ಧರ್ಮಯುದ್ಧಕ್ಕೆ ಬಂದ ಕ್ರುಸೇಡರುಗಳ ಹಾಸ್ಪಿಟಲರ್ ಪಂಥದವರು ಕಟ್ಟಿ ಬೆಳೆಸಿದ ಕ್ರಾಕ್ ದೆ ಶೆವಾಲಿಯೇ ಕೋಟೆಯದೂ ಇದೇ ಜಾಣತನ. ಕೋಟೆಯೊಳಗೆ ಕೋಟೆ, ಒಳಕ್ಕೆ ಹೋಗಲು ಮಾಡು ಹೊದಿಸಿದ, ನಡುವೆ ತಿರುಗುವ ಏರುದಾರಿ. 1271ರಲ್ಲಿ ಮಾಮ್ಲೂಕ್ ಸುಲ್ತಾನ ಬೈಬರ್ಸ್ ಹೊರಸುತ್ತನ್ನು ಒಡೆದು ಒಳಬಂದ. ಒಳಗಿನವರು ಕೊನೆಯ ಗಟ್ಟಿ ಭಾಗಕ್ಕೆ ಸರಿದು, ಸ್ವಲ್ಪ ದಿನ ಹಿಡಿದು, ಜೀವ ಉಳಿಸುವ ಮಾತು ಪಡೆದು ಶರಣಾದರು. ಅಂಥ ಕೋಟೆಯೂ ಕೊಂಡು ಕೊಟ್ಟದ್ದು ದಿನಗಳನ್ನೇ.

ಇನ್ನು ಕೀಪಿನ ಮೆಟ್ಟಿಲು. ಆಟ ಕೊನೆಗೆ ತೀರ್ಮಾನವಾಗುವುದು ಅಲ್ಲಿ, ಹೊಸಬರು ನೋಡದೆ ಬಿಡುವುದೂ ಅದನ್ನೇ. ಹೊರಗೋಡೆ ಬಿತ್ತು ಅಂದುಕೊಳ್ಳಿ. ಶತ್ರುವಿನ ಕತ್ತಿಯಾಳುಗಳು ಅಂಗಳದೊಳಕ್ಕೆ ಬರುತ್ತಿದ್ದಾರೆ. ಅವರ ಕಬ್ಬಿಣದ ಕವಚಕ್ಕೆ ಸಾದಾ ಬಿಲ್ಲಿನ ಬಾಣ ಅಷ್ಟಾಗಿ ನಾಟದು, ಅಡ್ಡಬಿಲ್ಲಿನದು ನಾಟುತ್ತದೆ. ಆದರೆ ಅಡ್ಡಬಿಲ್ಲು ದೂರ ಮುಟ್ಟುವುದಿಲ್ಲ. ಹಾಗಾಗಿ ಹೊರ ಬತೇರಿಗಳ ಮೇಲೆ ಬಿಲ್ಲುಗಾರರು, ಕೀಪಿನ ಮಾಳಿಗೆಯಲ್ಲಿ ದೊರೆಯ ಸುತ್ತ ಅಡ್ಡಬಿಲ್ಲಿನವರು. ಇದು ಹಳಬರ ಲೆಕ್ಕ. ಮೆಟ್ಟಿಲ ಬಾಯಲ್ಲಿ ಉದ್ದ ಭರ್ಜಿಯ ಪೈಕ್‌ಮನ್‌ಗಳನ್ನು ಒತ್ತಾಗಿ ನಿಲ್ಲಿಸಬೇಕು. ಅವರದು ನಿಧಾನದ ನಡಿಗೆ, ಏಟೂ ಜೋರಿಲ್ಲ, ಆದರೆ ಬೇಗ ಸಾಯುವುದಿಲ್ಲ. ನಮಗೆ ಅವರಿಂದ ಬೇಕಾದದ್ದು ಅಷ್ಟೇ. ಅಗಲವಾದ ಅಂಗಳದಲ್ಲಿ ಐವತ್ತು ಮಂದಿ ಐವತ್ತು ಮಂದಿಯೇ. ಮೆಟ್ಟಿಲ ಬಾಯಿಗೆ ಬಂದಾಗ ಮುಂದಿನ ಮೂವರು ನಾಲ್ವರು ಮಾತ್ರ ಹೊಡೆದಾಡುತ್ತಾರೆ, ಮಿಕ್ಕವರು ಹಿಂದೆ ಕಿಕ್ಕಿರಿದು ಬಾಣಕ್ಕೆ ಎದೆಯೊಡ್ಡಿ ನಿಂತಿರುತ್ತಾರೆ. ಓಬವ್ವನ ಕಿಂಡಿಯ ಕತೆ ಕೇಳಿ ಬೆಳೆದ ನಮಗೆ ಈ ಗಣಿತ ಯಾರೂ ಕಲಿಸಬೇಕಾದ್ದಲ್ಲ. ಲಾರ್ಡ್ ನಿಲ್ಲಬೇಕಾದ ಜಾಗ ಈ ಭರ್ಜಿಯವರ ಹಿಂದೆ, ಮಾಳಿಗೆಯ ಒಳಮೂಲೆಯಲ್ಲಿ. ಅಂಚಿಗೆ ಬಂದರೆ ಕೆಳಗಿನ ಬಿಲ್ಲುಗಾರರ ಕಣ್ಣಿಗೆ ಬೀಳುತ್ತಾನೆ.

ಎಷ್ಟೇ ಎತ್ತರದ ಗೋಡೆಗೂ ಬಗ್ಗದ ಒಂದು ಜಾತಿ ಇದೆ, ಅಸ್ಯಾಸಿನ್. ಹೊನ್ನು ಕೊಟ್ಟರೆ ಸಿಗುವ ಬಾಡಿಗೆ ದಂಡಿನವರು ಇವರು. ಹತ್ತಿರ ಬರುವ ತನಕ ಕಣ್ಣಿಗೆ ಬೀಳುವುದಿಲ್ಲ. ಹಗ್ಗಕ್ಕೆ ಕಟ್ಟಿದ ಕೊಕ್ಕೆ ಎಸೆದು ಗೋಡೆ ಹತ್ತುತ್ತಾರೆ. ಮುಂಬಾಗಿಲಲ್ಲಿ ದೊಡ್ಡ ಗದ್ದಲ ಎಬ್ಬಿಸಿ, ಹಿಂದಿನ ಗೋಡೆಗೆ ಇವರನ್ನು ಕಳಿಸುವುದು ಪಳಗಿದ ಆಟಗಾರರ ಕುಯುಕ್ತಿ. ನೀವು ಹೆಬ್ಬಾಗಿಲ ಜಗಳ ನೋಡುತ್ತ ಮೈಮರೆತಿರುವಾಗ ಮಾಳಿಗೆ ಮೇಲೆ ಕತ್ತಿ ಮಿಂಚುತ್ತದೆ. ಇದಕ್ಕೆ ಮದ್ದು ಒಂದೇ: ಯಾವ ಯುದ್ಧಕ್ಕೂ ಕದಲಿಸದ ಒಂದು ಗುಂಪನ್ನು ದೊರೆಯ ಪಕ್ಕದಲ್ಲಿ ಇಟ್ಟುಬಿಡುವುದು. ಹೊರಗೆ ಏನೇ ಹತ್ತಿ ಉರಿಯಲಿ, ಅವರನ್ನು ಮುಟ್ಟಬಾರದು.

ಆಟ ಬರೆದವರು ಈ ಅಸ್ಯಾಸಿನ್‌ಗಳನ್ನು ಕನಸಿನಲ್ಲಿ ಕಂಡವರಲ್ಲ. ಹನ್ನೆರಡನೇ ಶತಮಾನದ ಸಿರಿಯಾದ ಬೆಟ್ಟಗಳಲ್ಲಿ, ಮಸ್ಯಾಫ್‌ನಂಥ ಕೋಟೆಗಳಲ್ಲಿ ಮುಸ್ಲಿಮರ ನಿಜಾರಿ ಪಂಥದವರಿದ್ದರು. ಅವರ ಮುಖಂಡ ರಶೀದುದ್ದೀನ್ ಸಿನಾನ್. ದೊಡ್ಡ ಸೈನ್ಯ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಹಾಗಾಗಿ ಸೈನ್ಯವನ್ನು ಬಿಟ್ಟು ಅದರ ದೊರೆಯನ್ನೇ ಹುಡುಕಿ ಹೋದರು. ಆಟದಲ್ಲಿ ಎದುರಾಳಿಯಾಗಿ ಬರುವ ಸುಲ್ತಾನ ಸಲಾದಿನ್ ಮೇಲೆ 1175ರಲ್ಲಿ ಅಲೆಪ್ಪೋ ಮುತ್ತಿಗೆಯ ಹೊತ್ತಿಗೆ ಒಮ್ಮೆ, ಮರು ವರ್ಷ ಅಜಾಜ್ ಮುತ್ತಿಗೆಯಲ್ಲಿ ಇನ್ನೊಮ್ಮೆ ಎರಗಿದರು. ಎರಡನೇ ಸಲ ಚೂರಿ ತಲೆಗೇ ಬಿತ್ತು, ಟೋಪಿಯ ಅಡಿಯಲ್ಲಿದ್ದ ಉಕ್ಕಿನ ಬಲೆ ಅವನನ್ನು ಉಳಿಸಿತು. ಆಮೇಲೆ ಅವನು ದಂಡಿನ ನಡುವೆ ಮರದ ಅಟ್ಟಣೆಯಂಥದೊಂದನ್ನು ಕಟ್ಟಿಸಿ ಅದರಲ್ಲಿ ಮಲಗತೊಡಗಿದ, ಮುಖಪರಿಚಯ ಇಲ್ಲದವರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸಾವಿರಾರು ಕುದುರೆ ಸವಾರರ ಒಡೆಯ, ತನ್ನದೇ ಪಾಳೆಯದಲ್ಲಿ ಇನ್ನೊಂದು ಪುಟ್ಟ ಕೋಟೆ ಕಟ್ಟಿಕೊಂಡು ನಿದ್ದೆ ಮಾಡಬೇಕಾಯಿತು! ಜೆರುಸಲೆಮ್ ರಾಜ್ಯಕ್ಕೆ ರಾಜನೆಂದು ಆಯ್ಕೆಯಾಗಿದ್ದ ಮಾಂಟ್‌ಫೆರಾಟ್‌ನ ಕಾನ್ರಾಡ್‌ಗೆ ಆ ಎಚ್ಚರ ಇರಲಿಲ್ಲ. 1192ರ ಏಪ್ರಿಲ್ 28ರಂದು ಟೈರ್ ನಗರದ ಬೀದಿಯಲ್ಲಿ, ಮನೆ ಕಡೆ ಹೊರಟಿದ್ದವನನ್ನು ಇಬ್ಬರು ಇರಿದು ಕೊಂದರು. ಅದೇ ಟೈರ್, ಐದು ವರ್ಷ ಹಿಂದೆ ಸಲಾದಿನ್ ಮುತ್ತಿಗೆ ಹಾಕಿಯೂ ಗೆಲ್ಲಲಾಗದೆ ಹಿಂತಿರುಗಿದ್ದ ಊರು. ಗೋಡೆಗಳು ಗಟ್ಟಿಯಾಗಿಯೇ ಇದ್ದವು.

ಕಾವಲಿನ ಗುಂಪನ್ನು ಕದಲಿಸಬಾರದು ಅಂದೆ. ಆಡುವಾಗ ಅದು ಬಲು ಕಷ್ಟ. ಮರಳುಗಾಡಿನ ಆಟದಲ್ಲಿ ಬೇಸಾಯ ಆಗುವುದು ಓಯಸಿಸ್ಸಿನ ಹಸಿರು ನೆಲದಲ್ಲಿ ಮಾತ್ರ, ಅದು ಕೋಟೆಯಿಂದ ದೂರವೂ ಇರಬಹುದು. ಎದುರಾಳಿ ಅಲ್ಲಿಗೆ ಕುದುರೆ ಮೇಲಿನ ಬಿಲ್ಲುಗಾರರನ್ನು ಕಳಿಸಿ ರೈತರನ್ನು ಕೊಲ್ಲುತ್ತಾನೆ. ನೋಡಿಕೊಂಡು ಸುಮ್ಮನಿರಲಾಗದೆ ನೀವು ಇದ್ದಬದ್ದವರನ್ನೆಲ್ಲ ಅತ್ತ ಓಡಿಸುತ್ತೀರಿ. ನಿಜವಾದ ದಾಳಿ ಇತ್ತ ಬರುತ್ತದೆ. 1187ರ ಜುಲೈಯಲ್ಲಿ ಜೆರುಸಲೆಮ್‌ನ ರಾಜ ಗೀ ಮಾಡಿದ್ದು ಇದನ್ನೇ. ಸಲಾದಿನ್ ಟೈಬೀರಿಯಸ್‌ಗೆ ಮುತ್ತಿಗೆ ಹಾಕಿದ. ಗೀ ರಾಜ್ಯದ ಕೋಟೆಕೊತ್ತಲಗಳಿಂದ ಕಾವಲಿನವರನ್ನು ಬಳಿದು ತಂದು ದಂಡು ಕಟ್ಟಿದ್ದ. ಅದನ್ನು ಕರೆದುಕೊಂಡು ನೀರಿಲ್ಲದ ದಾರಿಯಲ್ಲಿ ಬೇಸಿಗೆಯ ಬಿಸಿಲಿಗೆ ಹೊರಟ. ಹತ್ತೀನ್‌ನ ಗುಡ್ಡದ ಬಳಿ ದಂಡು ಬಾಯಾರಿ ಬಸವಳಿಯಿತು, ಜುಲೈ 4ರಂದು ರಾಜನೇ ಸೆರೆ ಸಿಕ್ಕ. ಆಮೇಲೆ ಒಂದೊಂದೇ ಕೋಟೆ ಬಾಗಿಲು ತೆರೆಯಿತು; ಒಳಗಿದ್ದು ಕಾದಾಡುವವರು ಅಷ್ಟಕ್ಕಷ್ಟೆ. ಅಕ್ಟೋಬರ್ 2ಕ್ಕೆ ಜೆರುಸಲೆಮ್ ಕೂಡ ಹೋಯಿತು.

ದೊರೆಯ ರಕ್ಷಣೆಗೆ ರೊಟ್ಟಿಯೂ ಬೇಕು. ಪರದೆಯ ಕೆಳಮೂಲೆಯಲ್ಲಿ ಶಾನುಭೋಗರಂಥವನೊಬ್ಬ ಪುಸ್ತಕ ಹಿಡಿದು ಕೂತಿರುತ್ತಾನೆ. ಅದರಲ್ಲಿ ಜನರ ಮೆಚ್ಚಿಕೆಯ ಅಂಕಿ 50ಕ್ಕಿಂತ ಕೆಳಗಿಳಿದರೆ ಮಂದಿ ಗಂಟುಮೂಟೆ ಕಟ್ಟುತ್ತಾರೆ. ಬಿಲ್ಲು ಕೆತ್ತುವವನೇ ಊರು ಬಿಟ್ಟರೆ ಮಾಳಿಗೆ ಮೇಲೆ ಯಾರನ್ನು ನಿಲ್ಲಿಸುತ್ತೀರಿ? ತೆರಿಗೆ ಕಡಿಮೆ ಇಡಿ, ಹೊಟ್ಟೆ ತುಂಬ ಹಾಕಿ. ಇದರ ಬಗ್ಗೆ ಇಷ್ಟು ಸಾಕು.

ಹಾಗಾದರೆ ಲಾರ್ಡ್‌ನನ್ನು ಬಳಸುವುದೇ ಬೇಡವೇ? ಬೇಕು, ಆದರೆ ಎರಡೇ ಸಂದರ್ಭದಲ್ಲಿ. ಒಂದು, ಆಟದ ಮೊದಲ ಹೊತ್ತಿನಲ್ಲಿ. ‘ರ‍್ಯಾಟ್’ ಎಂಬ ಇಲಿಮೋರೆಯ ಎದುರಾಳಿ ನಿಮ್ಮ ಬಿಲ್ಲಿನ ಅಂಗಡಿ ಕಣ್ಣು ಬಿಡುವ ಮೊದಲೇ ಈಟಿಯ ಬಡಪಾಯಿಗಳ ಸಣ್ಣ ಗುಂಪು ಕಳಿಸುತ್ತಾನೆ. ಆಗ ದೊರೆಯನ್ನೇ ಮುಂದೆ ಬಿಟ್ಟರೆ ಅವನೊಬ್ಬನೇ ಅವರನ್ನು ಮುಗಿಸಬಲ್ಲ. ಆ ಹೊತ್ತಿಗೆ ನಿಮ್ಮಲ್ಲಿರುವ ಅತ್ಯುತ್ತಮ ಯೋಧ ಅವನೇ. ಇನ್ನೊಂದು, ಕೊನೆಯ ಹೊತ್ತಿನಲ್ಲಿ. ದಾಳಿ ಸವೆದುಹೋಗಿ ನಾಲ್ಕಾರು ಮಂದಿ ಮೆಟ್ಟಿಲು ದಾಟಿ ಬಂದಾಗ, ಅವರು ಭರ್ಜಿಯವರ ಜೊತೆ ತೊಡಕಿಕೊಂಡಿರುವಾಗ, ಪಕ್ಕದಿಂದ ದೊರೆಯನ್ನು ನುಗ್ಗಿಸಬೇಕು. ಈ ಎರಡರ ನಡುವೆ ಅವನು ಮಾಳಿಗೆ ಬಿಟ್ಟು ಇಳಿಯಕೂಡದು. ಗೆಲ್ಲುತ್ತಿರುವ ಯುದ್ಧದಲ್ಲಂತೂ ಇಳಿಯಲೇಕೂಡದು. ನಾನು ನೋಡಿದ ಮಟ್ಟಿಗೆ ಲಾರ್ಡ್‌ಗಳು ಹೆಚ್ಚು ಸಾಯುವುದು ಸೋಲುವಾಗಲ್ಲ. ಗೆದ್ದೆವು ಎಂಬ ಉಮೇದಿನಲ್ಲಿ, ಓಡಿಹೋಗುವವರ ಬೆನ್ನು ಹತ್ತಿ, ಎಲ್ಲೋ ನಿಂತ ಅಡ್ಡಬಿಲ್ಲಿನವನ ಕಣ್ಣಳತೆಗೆ ಸಿಕ್ಕಾಗ.

ಆಟದಲ್ಲಿ ಇನ್ನೊಬ್ಬ ಎದುರಾಳಿಯಾಗಿ ಬರುವ ಇಂಗ್ಲೆಂಡಿನ ದೊರೆ ‘ಸಿಂಹಹೃದಯ’ದ ರಿಚರ್ಡ್ ಸತ್ತದ್ದು ಹಾಗೇ. ಪ್ಯಾಲೆಸ್ತೀನಿನಲ್ಲಿ ಸಲಾದಿನ್ ಜೊತೆ ಕಾದಾಡಿ ಬದುಕಿ ಬಂದವನು ಅವನು. 1199ರ ಮಾರ್ಚ್ 26ರ ಸಂಜೆ ಫ್ರಾನ್ಸಿನ ಶಾಲು ಎಂಬಲ್ಲಿ ಒಂದು ಚಿಕ್ಕ ಕೋಟೆಯ ಮುತ್ತಿಗೆ ನಡೆದಿತ್ತು. ಒಳಗಿದ್ದವರು ಬೆರಳೆಣಿಕೆಯಷ್ಟು ಮಂದಿ. ರಿಚರ್ಡ್ ಉಕ್ಕಿನ ಅಂಗಿ ತೊಡದೆ ಗೋಡೆಯ ಬಳಿ ಓಡಾಡುತ್ತಿದ್ದ. ಗೋಡೆಯ ಮೇಲೊಬ್ಬ ಗುರಾಣಿಯ ಬದಲು ಬಾಣಲೆ ಹಿಡಿದು ಬಾಣಗಳನ್ನು ತಡೆಯುತ್ತಿದ್ದನಂತೆ. ಆ ಸಾಹಸಕ್ಕೆ ರಿಚರ್ಡ್ ಭೇಷ್ ಎಂದನೆಂದು ಆ ಕಾಲದವರು ಬರೆದಿಟ್ಟಿದ್ದಾರೆ. ಮೇಲಿನಿಂದ ಬಂದ ಅಡ್ಡಬಿಲ್ಲಿನ ಬಾಣ ಅವನ ಎಡ ಭುಜಕ್ಕೆ ನಾಟಿತು. ಕೀಳುವಾಗ ಗಾಯ ದೊಡ್ಡದಾಯಿತು, ಕೊಳೆಯಿತು. ಏಪ್ರಿಲ್ 6ಕ್ಕೆ ಸತ್ತ. ಪಟ್ಟಕ್ಕೆ ಬಂದ ತಮ್ಮ ಜಾನ್ 1204ರ ಹೊತ್ತಿಗೆ ನಾರ್ಮಂಡಿಯನ್ನು ಫ್ರಾನ್ಸಿನ ರಾಜನಿಗೆ ಕಳೆದುಕೊಂಡ. ರಿಚರ್ಡ್ ಕಾದಾಡಿದ ಅದೇ ಮೂರನೇ ಕ್ರುಸೇಡಿಗೆ ಭಾರೀ ದಂಡು ಕಟ್ಟಿಕೊಂಡು ಹೊರಟಿದ್ದ ಜರ್ಮನಿಯ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸಾನ ಕತೆ ಇನ್ನೂ ಶೋಚನೀಯ. 1190ರ ಜೂನ್ 10ರಂದು ಈಗಿನ ಟರ್ಕಿಯ ಸಾಲೆಫ್ ಹೊಳೆಯಲ್ಲಿ ಮುಳುಗಿ ಸತ್ತ. ಶತ್ರುವೇ ಬೇಕಾಗಲಿಲ್ಲ. ದಂಡಿನ ಬಹುಪಾಲು ಚದುರಿ ಊರ ದಾರಿ ಹಿಡಿಯಿತು, ಮಿಕ್ಕವರನ್ನು ಮಗ ಹೇಗೋ ಪ್ಯಾಲೆಸ್ತೀನಿನ ಆಕ್ರೆಯವರೆಗೆ ಮುಟ್ಟಿಸಿದ.

ನಮ್ಮ ನೆಲದಲ್ಲಿ ಇದರ ದೊಡ್ಡ ಉದಾಹರಣೆ ರಕ್ಕಸಗಿ–ತಂಗಡಗಿ. 1565ರ ಜನವರಿಯ ಆ ಯುದ್ಧಕ್ಕೆ ವಿಜಯನಗರದ ಅಳಿಯ ರಾಮರಾಯ ವೃದ್ಧಾಪ್ಯದಲ್ಲಿ ತಾನೇ ಹೋದ. ಕುದುರೆ ಏರಿ ಎಂದು ಜೊತೆಯವರು ಬೇಡಿದರೂ ಪಲ್ಲಕ್ಕಿ ಬಿಡಲಿಲ್ಲ, ಆನೆಯೊಂದು ನುಗ್ಗಿದಾಗ ಬೋವಿಗಳು ಪಲ್ಲಕ್ಕಿ ಕೆಡವಿ ಓಡಿದರು ಎಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಸೆರೆಸಿಕ್ಕವನ ತಲೆ ಕತ್ತರಿಸಿ ಎತ್ತಿ ತೋರಿಸಿದ್ದೇ ವಿಜಯನಗರದ ದಂಡು ಕಾಲಿಗೆ ಬುದ್ಧಿ ಹೇಳಿತು. ಯುದ್ಧ ಸೋತದ್ದಕ್ಕೆ ಇತಿಹಾಸಕಾರರು ಬೇರೆ ಕಾರಣಗಳನ್ನೂ ಕೊಡುತ್ತಾರೆ. ಆದರೆ ಓಡಲು ಶುರುವಾದ ಗಳಿಗೆ ಅದು.

‘ಸ್ಟ್ರಾಂಗ್‌ಹೋಲ್ಡ್’ನಲ್ಲಿ ಲಾರ್ಡ್ ಬಿದ್ದ ಕೂಡಲೇ ಅವನ ಬಣ್ಣದ ಸೈನಿಕರೆಲ್ಲ ಒಟ್ಟಿಗೆ ಇಲ್ಲವಾಗುತ್ತಾರೆ. ಆಟದ ಅನುಕೂಲಕ್ಕೆ ಮಾಡಿದ ನಿಯಮ, ವಾಸ್ತವಕ್ಕೆ ದೂರ ಎಂದು ಬಹಳ ಮಂದಿ ಗೊಣಗುತ್ತಾರೆ. ಅವರು ಒಮ್ಮೆ ಹಳೇಬೀಡಿಗೆ ಹೋಗಬೇಕು. ಹೊಯ್ಸಳರಲ್ಲಿ ಗರುಡರೆಂಬ ಅಂಗರಕ್ಷಕರಿದ್ದರು, ಒಡೆಯನ ಜೊತೆಗೇ ಸಾಯುತ್ತೇವೆಂದು ಆಣೆ ಇಟ್ಟವರು. ಹೊಯ್ಸಳೇಶ್ವರ ಗುಡಿಯ ಬಳಿಯ ಶಾಸನಗಂಬದಲ್ಲಿ ಎರಡನೇ ವೀರಬಲ್ಲಾಳನ ಗರುಡ ಕುವರ ಲಕ್ಷ್ಮನ ಕತೆ ಇದೆ. 1220ರ ಸುಮಾರಿಗೆ ದೊರೆ ತೀರಿಕೊಂಡಾಗ ಅವನೂ ಅವನ ಹೆಂಡತಿಯೂ ಜೊತೆಯ ವೀರರೂ ಪ್ರಾಣ ಬಿಟ್ಟರು. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರ ಕೆತ್ತನೆ ಕಾಣುತ್ತದೆ. ಕಾವಲುಗಾರನ ಆಯುಸ್ಸನ್ನು ದೊರೆಯ ಆಯುಸ್ಸಿಗೆ ಗಂಟು ಹಾಕಿದರೆ ಕಾವಲು ಎಷ್ಟು ಬಿಗಿಯಾಗುತ್ತದೆ ಎಂಬುದು ಫೈರ್‌ಫ್ಲೈಯವರಿಗಿಂತ ಎಂಟು ಶತಮಾನ ಮೊದಲೇ ದ್ವಾರಸಮುದ್ರದಲ್ಲಿ, ಅಂದರೆ ಈಗಿನ ಹಳೇಬೀಡಿನಲ್ಲಿ ಗೊತ್ತಿತ್ತು. ನನಗೆ ಅದನ್ನು ಓದಿದಾಗೆಲ್ಲ ಮೆಚ್ಚುಗೆಗಿಂತ ಸಂಕಟವೇ ಹೆಚ್ಚಾಗುತ್ತದೆ, ಆ ಮಾತು ಬೇರೆ.

ಈ ನಿಯಮ ಎದುರಾಳಿಗೂ ಅನ್ವಯ ಎಂಬುದನ್ನು ಮರೆಯಬಾರದು. ಅವನ ಗೋಡೆಗಳನ್ನೆಲ್ಲ ಕೆಡವಬೇಕಿಲ್ಲ, ಕಣಜ ಸುಡಬೇಕಿಲ್ಲ. ಕೀಪಿನ ಮೆಟ್ಟಿಲವರೆಗೆ ಒಂದೇ ಒಂದು ದಾರಿ ಮಾಡಿಕೊಂಡರೆ ಸಾಕು. ಕವಣೆಯಂತ್ರಗಳನ್ನು ನಾಲ್ಕು ದಿಕ್ಕಿಗೆ ಹಂಚದೆ ಒಂದೇ ಜಾಗಕ್ಕೆ ಗುರಿಯಿಡಿ, ಜರಿದ ಜಾಗದಲ್ಲಿ ಕವಚದವರನ್ನು ಮುಂದೆ ಬಿಟ್ಟು ಗದೆಯವರನ್ನು ಅವರ ನೆರಳಲ್ಲಿ ಓಡಿಸಿ. ದಾರಿಯಲ್ಲಿ ಸಿಗುವ ಅಂಗಡಿ, ಮನೆ, ಗಾಣ ಒಡೆಯುತ್ತ ನಿಂತರೆ ನೀವೇ ಅವನ ಗೋಡೆಯ ಕೆಲಸ ಮಾಡಿಕೊಟ್ಟಂತೆ.

ಮೊದಲ ಸಲ ಆಡುವವರು ರ‍್ಯಾಟ್ ಒಬ್ಬನನ್ನೇ ಎದುರಿಗೆ ಇಟ್ಟುಕೊಂಡು ಶುರುಮಾಡಿ. ತೋಳನ ಹೆಸರಿನ ‘ವುಲ್ಫ್’ನ ತಂಟೆಗೆ ಆಮೇಲೆ ಹೋಗಿ. ಕಲ್ಲಿಗಿಂತ ಮೊದಲು ಮರ ಕಡಿಸಿ ಬಿಲ್ಲಿನ ಅಂಗಡಿ ಹಾಕಿ, ಮಾಳಿಗೆ ಮೇಲೆ ಹತ್ತು ಮಂದಿ ನಿಂತ ಮೇಲೆ ಗೋಡೆಯ ಯೋಚನೆ ಮಾಡಿ. ಇಲಿಯ ಈಟಿಯಾಳುಗಳನ್ನು ದೊರೆಯ ಕೈಯಿಂದ ಒಮ್ಮೆ ಕತ್ತರಿಸಿ ಖುಷಿಪಡಿ, ಆಮೇಲೆ ಅವನನ್ನು ಮಾಳಿಗೆಗೆ ಹತ್ತಿಸಿ, ಮತ್ತೆ ಅವನ ಮೇಲೆ ಕ್ಲಿಕ್ ಮಾಡುವ ಮುನ್ನ ಆಟವನ್ನು ಸೇವ್ ಮಾಡಿಕೊಳ್ಳಿ.